ತಳ್ಳುಪಡಿ

ಪಂಕಜಂ ಮೇಲೆ ವಾರಂಟು ಇದೆ ಎಂದು ಅವಳಿಗೆ ಮೊದಲು ಹೇಳಿದವರು ಪೊಲೀಸರಲ್ಲ. ಕೋರ್ಟಿನವರೂ ಅಲ್ಲ. ಹೇಳಿದವನು ಮಿಲ್ಲಿನ ಸೂಪರ್‌ವೈಸರ್ ಧನಪಾಲ್. ಅದೂ ಸೋಮವಾರ, ಹಗಲು ಶಿಫ್ಟಿನ ನಡುವೆ, ಅವಳು ಕೋನ್ ಸುತ್ತುವ ಮಿಷನ್ನಿನ ಮುಂದೆ ನಿಂತು ಕಡಿದ ನೂಲಿನ ತುದಿ ಹುಡುಕುತ್ತಿದ್ದಾಗ.

"ಅಕ್ಕಾ, ನಿನ್ ಮೇಲೆ ಪಿಡಿವಾರಂಟು ಅದೆಯಂತೆ."

ಆ ಸದ್ದಿನಲ್ಲಿ ಕೂಗಿ ಹೇಳಬೇಕಾದ ಮಾತನ್ನು ಕಿವಿಯ ಹತ್ತಿರ ಬಾಯಿಟ್ಟು ಮೆತ್ತಗೆ ಹೇಳಿದ. ಇಂಥವರನ್ನು ಹಿಡಿದು ತನ್ನಿ ಎಂದು ಕೋರ್ಟು ಪೊಲೀಸರಿಗೆ ಕೊಡುವ ಕಾಗದಕ್ಕೆ ಆ ಸೀಮೆಯಲ್ಲಿ ಪಿಡಿವಾರಂಟು ಎನ್ನುತ್ತಾರೆ.

ಪಂಕಜಂ ನಕ್ಕುಬಿಟ್ಟಳು. "ನನ್ ಕೇಸು ತಳ್ಳುಪಡಿ ಆಗಿ ಎಂಟು ತಿಂಗಳಾಯ್ತಪ್ಪಾ. ಜಿಲೇಬಿ ನೀನೂ ತಿಂದಿಲ್ವಾ?"

"ತಿಂದೆ. ಇಲ್ಲ ಅನ್ನಲ್ಲ." ಧನಪಾಲ್ ನಗಲಿಲ್ಲ. "ಗುರುವಾರ ಎಲ್ಲೂ ಹೋಗ್ಬೇಡ. ಶಿಫ್ಟಿಗೆ ಬಂದ್ಬಿಡು. ನಿನ್ ಒಳ್ಳೇದಕ್ಕೇ ಹೇಳ್ತಿದೀನಿ."

ಧನಪಾಲ್ ಅವಳ ಬೀದಿಯವನೇ. ಮನೆಮಾತು ಕನ್ನಡ. ಆ ಬೀದಿಯ ನೇಕಾರರೆಲ್ಲ ಹೊಸ್ತಿಲಿನೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಮಿಲ್ಲಿನಲ್ಲಂತೂ ತಮಿಳೇ. ಆದರೆ ಧನಪಾಲನ ಲೆಕ್ಕ ಬೇರೆ. ಎಲ್ಲರಿಗೂ ಕೇಳಬೇಕಾದ ಆರ್ಡರು ತಮಿಳಿನಲ್ಲಿ ಕೊಡುತ್ತಿದ್ದ. ಯಾರಿಗೂ ಕೇಳಬಾರದ್ದನ್ನು ಮನೆಮಾತಿನಲ್ಲಿ ಹೇಳುತ್ತಿದ್ದ. ಮನೆಮಾತಿನಲ್ಲಿ ಹೆದರಿಸಿದರೆ ಅದನ್ನು ಬುದ್ಧಿಮಾತು ಎಂದು ಕರೆಯಬಹುದಲ್ಲ.

ಗುರುವಾರ ಏನಿದೆ ಎಂದು ಮಿಲ್ಲಿಗೆಲ್ಲ ಗೊತ್ತಿತ್ತು. ಅಂದು ಪಂಕಜಂ ಕೊಯಮತ್ತೂರಿಗೆ ಹೋಗಿ, ಕಾರ್ಮಿಕರ ಪರಿಹಾರದ ಅಧಿಕಾರಿಯ ಮುಂದೆ ಸಾಕ್ಷಿ ಹೇಳಬೇಕು. ಇಲಕ್ಕಿಯಾಳ ಕೈ ಹೋದ ಕೇಸು.

ಇಲಕ್ಕಿಯಾ ಅದೇ ಬೀದಿಯ ಹುಡುಗಿ. ಎರಡು ವರ್ಷದ ಹಿಂದೆ ಅವಳಿಗೆ ಇಪ್ಪತ್ತು. ಕಾರ್ಡಿಂಗ್ ಮಿಷನ್ನಿನಲ್ಲಿ ಕೆಲಸ. ಹತ್ತಿಯನ್ನು ಬಾಚಿ ಬಿಡಿಸುವ ಮಿಷನ್ನು ಅದು, ಉರುಳೆಯ ತುಂಬ ಮುಳ್ಳು. ಹತ್ತಿ ಸಿಕ್ಕಿಕೊಂಡಿತು. ನಿಲ್ಲಿಸಿ ತೆಗೆಯಬೇಕು. ನಿಲ್ಲಿಸಿದರೆ ಮತ್ತೆ ಓಡುವುದಕ್ಕೆ ಹೊತ್ತು ಹಿಡಿಯುತ್ತದೆ, ಮೇಲಿನವರು ಕೇಳುತ್ತಾರೆ. ಧನಪಾಲ್ ದೂರದಿಂದಲೇ ಕೂಗಿದ. "ನಿಲ್ಲಿಸ್ಬೇಡ. ಓಡ್ತಾ ಇರೋವಾಗ್ಲೇ ತೆಗಿ." ಕನ್ನಡದಲ್ಲಿ ಕೂಗಿದ. ಸುತ್ತ ಇದ್ದವರಲ್ಲಿ ನಾಲ್ವರು ಒಡಿಶಾದವರು, ಇಬ್ಬರು ಧಾರಾಪುರಂ ಕಡೆಯ ತಮಿಳರು. ಕಿವಿಗೆ ಬಿದ್ದದ್ದು ಎಲ್ಲರಿಗೆ. ಅರ್ಥವಾದದ್ದು ಇಬ್ಬರಿಗೆ. ಒಬ್ಬಳು ಇಲಕ್ಕಿಯಾ. ಇನ್ನೊಬ್ಬಳು, ಖಾಲಿ ಬುಟ್ಟಿ ಒಯ್ಯಲು ಆ ದಾರಿಯಲ್ಲಿ ಬಂದಿದ್ದ ಪಂಕಜಂ.

ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಅವಳನ್ನು ಮಿಲ್ಲಿನ ವ್ಯಾನಿನಲ್ಲಿ ಹತ್ತಿ ಮೂಟೆಗಳ ನಡುವೆ ಮಲಗಿಸಿ ಕಳಿಸಿದರು. ಮಿಷನ್ನನ್ನು ತೊಳೆದರು. ಮುಂದಿನ ಶಿಫ್ಟಿಗೆ ಓಡಿಸಿದರು. ಆ ಹತ್ತಿಯೂ ನೂಲಾಯಿತು. ಆ ನೂಲು ತಿರುಪ್ಪೂರಿಗೆ ಹೋಗಿ ಬನಿಯನ್ ಆಯಿತು. ಯಾವ ಪುಣ್ಯಾತ್ಮ ತೊಟ್ಟುಕೊಂಡನೋ. ಮಿಲ್ಲಿನವರು ಬರೆದುಕೊಟ್ಟ ಉತ್ತರ ಇಷ್ಟೇ: ಮಿಷನ್ ನಿಲ್ಲಿಸಿ ಕೈ ಹಾಕಿ ಎಂದು ಗೋಡೆಯ ಮೇಲೆ ಬೋರ್ಡಿದೆ, ಹುಡುಗಿ ಬೋರ್ಡು ಮೀರಿದಳು, ಓಡುವಾಗ ಕೈ ಹಾಕು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಯಾರೂ ಹೇಳಿರಲಿಲ್ಲ ಎಂಬ ಆ ಸುಳ್ಳನ್ನು ಮುರಿಯಲು ಪಂಕಜಂ ಒಬ್ಬಳ ನಾಲಗೆ ಸಾಕಿತ್ತು. ಅವಳು ಬರದಿದ್ದರೆ ಇಲಕ್ಕಿಯಾಳ ಕೈ ಇಲಕ್ಕಿಯಾಳದೇ ತಪ್ಪು.

ಕೈ ಹೋದ ಮರುದಿನ ಹೆಂಗಸರೆಲ್ಲ ಮೇಟ್ಟುಪಾಳ್ಯಂ ರೋಡಿಗೆ ಬಂದು ಕೂತರು. ಅರ್ಧ ಗಂಟೆ ಬಸ್ಸು ನಿಂತವು. ಪೊಲೀಸರು ಬಂದು ಸೀರೆ ಹಿಡಿದು ಎಬ್ಬಿಸಿದರು. ಹನ್ನೊಂದು ಜನರ ಹೆಸರು ಬರೆದುಕೊಂಡು ಕೇಸು ಹಾಕಿದರು. ಹತ್ತು ಜನ ತಪ್ಪಾಯಿತು ಎಂದು ಒಪ್ಪಿ ದಂಡ ಕಟ್ಟಿ ಮನೆಗೆ ಹೋದರು. ಅವರನ್ನು ಬೈಯಲು ಪಂಕಜಂಗೆ ಮನಸ್ಸಾಗಲಿಲ್ಲ. ಅವರವರ ಪಾಡು ಅವರಿಗೆ. ಆದರೆ ಅವಳು ಮಾತ್ರ ಒಪ್ಪಲಿಲ್ಲ. "ಮಾಡದ ತಪ್ಪನ್ನ ಎಲ್ಲಿಂದ ತಂದು ಒಪ್ಪಲಿ?" ಎಂದಳು. ಅವಳೊಬ್ಬಳ ಕೇಸು ಬೇರೆಯಾಯಿತು.

ಆಮೇಲೆ ಶುರುವಾಯಿತು ವಾಯ್ದಾ. ತಿಂಗಳಿಗೊಂದು ದಿನ ಕೋರ್ಟಿಗೆ ಹೋಗಿ ನಿಲ್ಲು, ಹೆಸರು ಕೂಗಿದಾಗ ಕೈ ಎತ್ತು, ಮುಂದಿನ ತಾರೀಖು ಕೇಳಿಕೊಂಡು ಬಾ. ಎಂಟು ತಿಂಗಳ ಹಿಂದೆ ಒಂದು ವಾಯ್ದಾಕ್ಕೆ ಮಿಲ್ಲು ರಜೆ ಕೊಡಲಿಲ್ಲ. ಗೇಟಿನಲ್ಲಿ ಕಾಡಿ ಬೇಡಿ ಅವಳು ಕೋರ್ಟು ತಲುಪುವಾಗ ಮಧ್ಯಾಹ್ನ. ಅವಳ ವಕೀಲ ಚೆನ್ನಿಯಪ್ಪನ್ ಅವಳ ಪರವಾಗಿ ಮನವಿ ಕೊಟ್ಟು ಮುಗಿಸಿ ಮೆಟ್ಟಿಲಿಳಿಯುತ್ತಿದ್ದ. ಕಿವಿಯಲ್ಲಿ ಫೋನು. "ತಳ್ಳುಪಡಿ ಆಗೋಯ್ತಮ್ಮಾ" ಎಂದು ತಮಿಳಿನಲ್ಲಿ ಹೇಳಿ, ಕೈಯಾಡಿಸಿ, ಕಾರು ಹತ್ತಿದ.

ತಳ್ಳುಪಡಿ! ಆ ಮಾತು ಪಂಕಜಂ ಮನೆಯಲ್ಲಿ ಹಬ್ಬದ ಮಾತು. ಗಂಡ ಶಿವಲಿಂಗಂ ಕೈಮಗ್ಗದ ಸೊಸೈಟಿಗೆ ಸೀರೆ ನೇಯುವವನು. ದೀಪಾವಳಿಗೆ, ಪೊಂಗಲಿಗೆ ಸರ್ಕಾರ ಸೀರೆ ಬೆಲೆಯಲ್ಲಿ ತಳ್ಳುಪಡಿ ಕೊಡುತ್ತದೆ, ಅಂದರೆ ರಿಯಾಯಿತಿ. ತಳ್ಳುಪಡಿ ಬಂದರೆ ಗೋಡೌನಿನ ಸೀರೆ ಖಾಲಿ. ಗೋಡೌನು ಖಾಲಿಯಾದರೆ ಮಗ್ಗಕ್ಕೆ ನೂಲು. ಮದುವೆಯಾಗಿ ಬಂದಾಗಿನಿಂದ ಆ ಮಾತು ಕೇಳಿದರೆ ಒಲೆಯ ಮೇಲೆ ಪಾಯಸ. ಕೋರ್ಟಿನಲ್ಲಿ ಆ ಮಾತಿಗೆ ವಜಾ ಎಂದರ್ಥ. ಕೇಸೂ ತಳ್ಳುಪಡಿಯಾಯಿತು, ಭಾರ ಇಳಿಯಿತು ಎಂದುಕೊಂಡಳು. ದಾರಿಯಲ್ಲಿ ಜಿಲೇಬಿ ಕಟ್ಟಿಸಿಕೊಂಡು ಬಂದು ಬೀದಿಗೆಲ್ಲ ಹಂಚಿದಳು. ಮುಂದೆ ಯಾವ ಕರೆಯೂ ಬರಲಿಲ್ಲ. ಮುಗಿದದ್ದಕ್ಕೆ ಅದೇ ಸಾಕ್ಷಿ ಎಂದು ನಂಬಿದಳು.

ಸೋಮವಾರ ಶಿಫ್ಟು ಮುಗಿಸಿ ಮನೆಗೆ ಬಂದರೆ ಶಿವಲಿಂಗಂ ಇನ್ನೂ ಮಗ್ಗದ ಕುಳಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ. ನೇಯುತ್ತಿರಲಿಲ್ಲ. ಹಾಸಿನ ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದ.

"ಇಬ್ರು ಬಂದಿದ್ರು," ಎಂದ. "ಪ್ಯಾಂಟು ಶರಟು. ಬೂಟು ಮಾತ್ರ ಪೊಲೀಸ್ದು."

"ಏನಂದ್ರು?"

"ನಂಗೆ ಎದ್ದೇಳೋಕೇ ಬಿಡ್ಲಿಲ್ಲ. ಒಬ್ಬ ಈ ಕಡೆ, ಒಬ್ಬ ಆ ಕಡೆ ನಿಂತ್ರು. ಕುಳೀಲಿ ಕೂತ್ಕೊಂಡೇ ತಲೆ ಎತ್ತಿ ಉತ್ತರ ಹೇಳ್ದೆ. ಗುರುವಾರ ಮನೇಲಿ ಇರ್ತಾಳಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ." ಶಿವಲಿಂಗಂ ಹಾಸು ತೋರಿಸಿದ. "ಒಬ್ಬ ಮಾತಾಡ್ತಾ ಮಾತಾಡ್ತಾ ಬೈಕ್ ಕೀನಲ್ಲಿ ಎಳೆ ಕಡೀತಾನೇ ಇದ್ದ. ಹೂ ಕೀಳ್ದಂಗೆ."

ಹದಿನೇಳು ಎಳೆ ಕಡಿದಿದ್ದವು. ಐವತ್ತೆಂಟು ವರ್ಷದ ಮನುಷ್ಯ, ಸ್ವಂತ ಮನೆಯಲ್ಲಿ, ಇಬ್ಬರ ಬೂಟಿನ ಮಟ್ಟಕ್ಕೆ ಮುಖವಿಟ್ಟುಕೊಂಡು ಮಾತಾಡಿದ್ದ. ಪಂಕಜಂಗೆ ಸಿಟ್ಟು ಬಂತು. ಜೊತೆಗೇ ಭಯವೂ ಆಯಿತು. ಹಿಡಿಯಲು ಬಂದವರು ಮಿಲ್ಲಿಗೇ ಬರಬಹುದಿತ್ತಲ್ಲ? ಅವಳಿಲ್ಲದ ಹೊತ್ತು ನೋಡಿ ಬಂದದ್ದೇಕೆ? ವಾರಂಟು ಇದೆಯೋ, ಇಲ್ಲ ಬರೀ ಬೆದರಿಕೆಯೋ?

"ಠಾಣೆಗೆ ಹೋಗಿ ಕೇಳ್ಲಾ?" ಎಂದಳು.

"ಹುಚ್ಚಾ ನಿಂಗೆ? ಇದ್ರೆ ಅಲ್ಲೇ ಕೂರಿಸ್ತಾರೆ. ಇಲ್ದಿದ್ರೂ ಕೂರಿಸ್ತಾರೆ." ಶಿವಲಿಂಗಂ ಗಂಟು ಬಿಗಿದ. "ಗುರುವಾರ ಒಂದು ದಿನ ಶಿಫ್ಟಿಗೆ ಹೋಗ್ಬಿಡು ಪಂಕಜಾ."

ಅವಳು ಪಕ್ಕದಲ್ಲಿ ಕೂತು ಕಡಿದ ಎಳೆಯ ತುದಿ ಹುಡುಕಿ ಕೊಟ್ಟಳು. ಗಂಡನ ಭಯದ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ.

ಮಂಗಳವಾರ ಮಿಲ್ಲಿಗೆ ಹೋಗಲಿಲ್ಲ. ಪೆರಿಯನಾಯಕನಪಾಳ್ಯಂನಲ್ಲಿ ಬಸ್ಸು ಹತ್ತಿ ಕೊಯಮತ್ತೂರಿಗೆ ಹೋದಳು. ಬಸ್ಸಿನಿಂದಲೇ ಚೆನ್ನಿಯಪ್ಪನ್‌ಗೆ ಫೋನು ಮಾಡಿದಳು. ಅವನು ಕುನ್ನತ್ತೂರಿನಲ್ಲಿ ಯಾವುದೋ ಜಮೀನಿನ ಕೆಲಸದಲ್ಲಿದ್ದ.

"ನನ್ ಮೇಲೆ ವಾರಂಟ್ ಇದೆಯಾ ಸಾರ್?"

"ಗುರುವಾರ ಕಳೀಲಮ್ಮಾ. ಶುಕ್ರವಾರ ಬಾ, ನೋಡೋಣ."

ಇವನಿಗೂ ಗುರುವಾರ! ಪಂಕಜಂ ಫೋನಿಟ್ಟಳು.

ಕೋರ್ಟಿನ ಆಫೀಸಿನ ಕಿಟಕಿಯಲ್ಲಿ ಒಬ್ಬ ಗುಮಾಸ್ತ ಕೂತಿದ್ದ. ಕೇಸ್ ನಂಬರ್ ಎಂದ. ಗೊತ್ತಿಲ್ಲ ಎಂದಳು. ನಂಬರಿಲ್ಲದೆ ಹೇಗೆ ನೋಡೋದು ಎಂದ. ಹೆಸರಿದೆ ಎಂದಳು. ಹೆಸರು ಎಲ್ಲರಿಗೂ ಇರುತ್ತದೆ ಎಂದ. ಪಕ್ಕದವನು ಕಿಸಕ್ಕನೆ ನಕ್ಕ. ವಕೀಲರನ್ನು ಕಳಿಸು, ಕಕ್ಷಿಗಾರರಿಗೆಲ್ಲ ಹೇಳುವುದಿಲ್ಲ ಎಂದು ಕಿಟಕಿಯ ಹಲಗೆ ಅರ್ಧ ಎಳೆದ. ಅವಳನ್ನೇ ಹಿಡಿಯಲು ಹೊರಟ ಕಾಗದ. ಅದು ಉಂಟೋ ಇಲ್ಲವೋ ಎಂದು ಊರಿಗೆಲ್ಲ ಗೊತ್ತಿರಬಹುದು, ಅವಳಿಗೆ ಮಾತ್ರ ಹೇಳಬಾರದು.

ಕೋರ್ಟಿನ ಗೇಟಿನೆದುರು ಸಾಲಾಗಿ ಟೈಪಿಂಗ್ ಅಂಗಡಿಗಳು. ಕೊನೆಯದರಲ್ಲಿ ಕಾಮಾಕ್ಷಿಯಮ್ಮ ಎಂಬ ಅರವತ್ತು ದಾಟಿದ ಹೆಂಗಸು ಕೂತಿದ್ದಳು. ಮೊದಲು ಟೈಪ್‌ರೈಟರ್ ಇಟ್ಟುಕೊಂಡಿದ್ದಳು, ಈಗ ಹಳೆಯ ಕಂಪ್ಯೂಟರು. ಮನವಿ, ಜಾಮೀನು, ವಿಚ್ಛೇದನ ಎಲ್ಲ ಅವಳ ಬೆರಳಿನಲ್ಲೇ. ಪಂಕಜಂ ಬೆಂಚಿನ ತುದಿಯಲ್ಲಿ ಕೂತು ನೀರು ಕೇಳಿದಳು. ಕುಡಿದು ವಿಷಯ ಹೇಳಿದಳು.

"ಇದಕ್ಕೆ ಆ ಕಿಟಕೀಲಿ ಯಾಕಮ್ಮಾ ಬೈಸ್ಕೊಂಡೆ?" ಕಾಮಾಕ್ಷಿಯಮ್ಮ ತಮಿಳಿನಲ್ಲಿ ಗದರಿದಳು. "ಕೋರ್ಟಿನ ವೆಬ್‌ಸೈಟ್ ಇದೆ. ಯಾರು ಬೇಕಾದರೂ ನೋಡ್ಬಹುದು. ವಾರಂಟಿಗೆ ಅಂತ ಬೇರೆ ಪಟ್ಟಿ ಇಲ್ಲ. ಕೇಸನ್ನೇ ಹುಡುಕ್ಬೇಕು. ಕೇಸು ಸಿಕ್ಕಿದ್ರೆ ಅದು ಈಗ ಯಾವ ಘಟ್ಟದಲ್ಲಿದೆ ಅಂತ ಬರ್ದಿರುತ್ತೆ. ವಾರಂಟ್ ಇದ್ರೆ ಅಲ್ಲೇ ಕಾಣುತ್ತೆ."

ಜಿಲ್ಲೆ ಒತ್ತಿದಳು. ಕೋರ್ಟು ಒತ್ತಿದಳು. ಹೆಸರಿನಿಂದ ಹುಡುಕು ಎಂಬುದನ್ನು ಒತ್ತಿದಳು. ಕೇಸಿನ ವರ್ಷ ಕೇಳಿ ಹಾಕಿದಳು. ಓರೆಕೋರೆ ಅಕ್ಷರಗಳ ಚಿತ್ರವೊಂದು ಬಂತು, ಕನ್ನಡಕ ಮೇಲೆತ್ತಿ ಅದನ್ನೂ ನೋಡಿ ಹಾಕಿದಳು. ಪಂಕಜಂ ಎಂಬ ಹೆಸರಿನ ಕೇಸೇ ಇಲ್ಲ ಎಂದು ಬಂತು.

"ಇಲ್ವಾ?" ಪಂಕಜಂ ಎದ್ದೇ ನಿಂತಳು.

"ಕೂತ್ಕೋ. ಹೆಸರು ಬರ್ಕೊಂಡೋನು ಪೊಲೀಸ್ ರೈಟರ್. ತಮಿಳಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ಇಂಗ್ಲಿಷಲ್ಲಿ ಅವನ ಬಾಯಿಗೆ ಬಂದದ್ದು." ಕಾಮಾಕ್ಷಿಯಮ್ಮ ಪಂಗಜಂ ಎಂದು ಹೊಡೆದಳು. ಗಂಡನ ಹೆಸರಿನೊಂದಿಗೆ ಸಿಕ್ಕಿತು. ಒಂದೇ ಒಂದು ಕೇಸು.

ಕಾಮಾಕ್ಷಿಯಮ್ಮ ಓದಿದಳು. ಓದಿ ಪರದೆಯನ್ನು ಪಂಕಜಂ ಕಡೆ ತಿರುಗಿಸಿದಳು.

"ಇದೆ," ಎಂದಳು. "ಜಾಮೀನಿಲ್ಲದ ವಾರಂಟು. ಎಂಟು ತಿಂಗಳಿಂದ ಇದೆ."

"ಅವತ್ತು ತಳ್ಳುಪಡಿ ಆಯ್ತಲ್ಲಮ್ಮಾ? ವಕೀಲರೇ ಹೇಳಿದ್ರು!"

"ಆಯ್ತು. ಇಲ್ಲೇ ಬರ್ದಿದೆ ನೋಡು. ಗೈರುಹಾಜರಿ ಮನ್ನಿಸಿ ಅಂತ ಮನವಿ, ತಳ್ಳುಪಡಿ. ಪಿಡಿವಾರಂಟು ಹೊರಡಿಸಿದೆ." ಅವಳು ಪಂಕಜಂ ಮುಖ ನೋಡಿದಳು. "ತಳ್ಳಿದ್ದು ಕೇಸನ್ನಲ್ಲ, ತಾಯೀ. ನಿನ್ನ ಮಾತನ್ನ."

ಪಂಕಜಂಗೆ ಮೊದಲು ನೆನಪಾದದ್ದು ಜಿಲೇಬಿ. ಮನೆ ಮನೆಗೆ ಹೋಗಿ ಹಂಚಿದ್ದು. ಧನಪಾಲ್ ಎರಡು ತೆಗೆದುಕೊಂಡು ಬಾಯಿ ಚಪ್ಪರಿಸಿದ್ದು. ನಾಚಿಕೆಗೆ ಕಿವಿ ಬಿಸಿಯಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಕಾಮಾಕ್ಷಿಯಮ್ಮ ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯುವ ತನಕ ಬೇರೆಯವರ ಮನವಿಯೊಂದನ್ನು ಟೈಪು ಮಾಡಿದಳು.

"ಎಂಟು ತಿಂಗಳು ಯಾಕೆ ಹಿಡೀಲಿಲ್ಲ?" ಎಂದಳು ಪಂಕಜಂ.

"ಹಿಡಿದ್ರೆ ಮುಗ್ದೋಯ್ತಲ್ಲ. ಇಟ್ಕೊಂಡಿದ್ರೆ ಬೇಕಾದ ದಿನ ಎತ್ಕೋಬಹುದು. ನಾಳೆ ನೀನಾಗೇ ಬಂದು ಕೋರ್ಟಿನ ಮುಂದೆ ನಿಂತ್ಕೋ. ವಾರಂಟು ರದ್ದು ಮಾಡಿ ಅಂತ ಮನವಿ ಕೊಡು. ಗುರುವಾರದೊಳಗೆ ಈ ಹಗ್ಗ ಕತ್ತಿಂದ ತೆಗೀಬೇಕು."

ಸಂಜೆ ಧನಪಾಲ್ ಮನೆಗೇ ಬಂದ. ಚಪ್ಪಲಿ ಬಿಟ್ಟು ಮರ್ಯಾದೆಯಾಗಿ ಜಗಲಿಯ ಮೇಲೆ ಕೂತ. ಶಿವಲಿಂಗಂ ಒಳಗಿನಿಂದ ಮಗ್ಗ ನಿಲ್ಲಿಸಿದ.

"ಇವತ್ತು ಲೀವು ಹಾಕ್ದೆಯಂತೆ ಅಕ್ಕಾ."

"ಹಾಕ್ದೆ. ಕೋರ್ಟಿನ ಕಾಗದ ಎಂಟು ತಿಂಗಳಿಂದ ನಂಗೇ ಗೊತ್ತಿಲ್ಲ. ನಿಂಗೆ ಹೆಂಗಪ್ಪಾ ಗೊತ್ತಾಯ್ತು?"

ಧನಪಾಲ್ ಒಳಗಿನ ಮಗ್ಗದ ಕಡೆ ನೋಡಿದ. "ನಾವು ನಾಕು ಮನೆ ಕನ್ನಡದೋರು. ನಮ್ಮೊಳಗೆ ಯಾಕೆ? ಅವತ್ತು ನಾನು ಏನೋ ಅಂದೆ. ನೀನು ಏನೋ ಕೇಳಿಸ್ಕೊಂಡೆ. ಆ ಸದ್ದಲ್ಲಿ ಯಾರಿಗೆ ಏನು ಕೇಳಿಸ್ತದೆ? ಗುರುವಾರ ಶಿಫ್ಟಿಗೆ ಬಾ, ವಾರಂಟು ಹಂಗೇ ಮಲ್ಗಿರ್ತದೆ. ಯಾರೂ ಎಬ್ಸಲ್ಲ."

"ನಿಲ್ಲಿಸ್ಬೇಡ ಅಂದೆ. ಓಡ್ತಾ ಇರೋವಾಗ್ಲೇ ತೆಗಿ ಅಂದೆ."

"ಮೆಲ್ಲಗೆ ಮಾತಾಡು."

"ಮಗೂಗೆ ಅನ್ನ ತಿನ್ಸೋ ಮಾತಲ್ಲಿ ಅಂದೆಯಲ್ಲೋ! ತಮಿಳಲ್ಲಿ ಅಂದಿದ್ರೆ ಆ ಧಾರಾಪುರಂನೋರಿಗೂ ತಿಳೀತಿತ್ತು, ಅವ್ರೂ ಸಾಕ್ಷಿ ಹೇಳ್ತಿದ್ರು."

ಒಂದು ಗಳಿಗೆ ಧನಪಾಲನೂ ಹೆದರಿದ ಮನುಷ್ಯನಂತೆಯೇ ಕಂಡ. "ನಂಗೂ ಮೇಲೆ ಜನ ಇದಾರೆ ಅಕ್ಕಾ," ಎಂದ. ಎದ್ದು ಚಪ್ಪಲಿ ಮೆಟ್ಟಿಕೊಂಡ. "ಜೈಲಿಗೆ ಹೋದ ಹೆಂಗಸಿಗೆ ಮತ್ತೆ ಯಾವ ಮಿಲ್ಲು ಕೆಲ್ಸ ಕೊಡ್ತದೆ? ಭಾವನ ಮಗ್ಗ ಇಬ್ರಿಗೂ ಊಟ ಹಾಕ್ತದಾ? ಯೋಚ್ನೆ ಮಾಡು." ಬೀದಿಯ ತಿರುವಿನಲ್ಲಿ ಒಂದು ಬೈಕು ನಿಂತಿತ್ತು. ಅದರ ಮೇಲೆ ಇಬ್ಬರಿದ್ದರು. ಧನಪಾಲ್ ಅವರ ಪಕ್ಕದಲ್ಲೇ ಹಾದು ಹೋದ, ನೋಡಲೇ ಇಲ್ಲ.

ಬುಧವಾರ ಮುಂಜಾನೆ ಮೊದಲ ಬಸ್ಸಿಗೇ ಅವಳು ಕೊಯಮತ್ತೂರಿನಲ್ಲಿದ್ದಳು. ಶಿವಲಿಂಗಂ ಜೊತೆಗೆ ಬರುತ್ತೇನೆಂದ. ಮನೆ ಖಾಲಿ ಬಿಟ್ಟರೆ ಮಗ್ಗ ಉಳಿಯುವುದಿಲ್ಲ ಎಂದು ಅವಳೇ ತಡೆದಳು.

ಕಾಮಾಕ್ಷಿಯಮ್ಮ ಮನವಿ ಹೊಡೆಯತೊಡಗಿದಳು. ಕೋರ್ಟಿನ ಹೆಸರು, ಕೇಸ್ ನಂಬರ್, ಆರೋಪಿ. "ಸದರಿ ದಿನ ಆರೋಪಿಗೆ ತೀವ್ರ ಹೊಟ್ಟೆನೋವು ಇದ್ದ ಕಾರಣ..."

"ಹೊಟ್ಟೆನೋವು ಎಲ್ಲಿತ್ತು?" ಎಂದಳು ಪಂಕಜಂ.

"ಎಲ್ಲರಿಗೂ ಹೊಟ್ಟೆನೋವೇ ಬರೆಯೋದು. ಮೂವತ್ತು ವರ್ಷದಿಂದ ಬರೀತಿದ್ದೀನಿ. ಗಂಡಸರಿಗೆ ಹೊಟ್ಟೆನೋವು ಇಲ್ಲ ಬೆನ್ನುನೋವು. ಮ್ಯಾಜಿಸ್ಟ್ರೇಟ್ ಅಯ್ಯನೋರು ಓದೋದೇ ಇಲ್ಲ, ಸಹಿ ಹಾಕ್ತಾರೆ."

"ನಂಗೆ ಹೊಟ್ಟೆನೋವು ಇರಲಿಲ್ಲ. ಮಿಲ್ಲು ರಜಾ ಕೊಡಲಿಲ್ಲ. ಹಂಗೇ ಬರೀರಿ."

"ಹಂಗೆ ಬರೆದ್ರೆ ಓದ್ತಾರಮ್ಮಾ."

"ಓದ್ಲಿ."

ಕಾಮಾಕ್ಷಿಯಮ್ಮನ ಬೆರಳು ನಿಂತವು. "ಹುಚ್ಚು ಮಾಡ್ಬೇಡ. ನಿಂಗೆ ಬೇಕಾದ್ದು ವಾರಂಟು ರದ್ದಾಗೋದು. ನ್ಯಾಯ ಗೀಯ ಗುರುವಾರಕ್ಕೆ ಇಟ್ಕೋ."

"ಮಿಲ್ಲಿನೋರು ಯಾರೂ ಹೇಳಿರ್ಲಿಲ್ಲ ಅಂತ ಬರೆದ್ರು. ಈಗ ನಾನು ಹೊಟ್ಟೆನೋವು ಅಂತ ಬರೀತೀನಿ. ನಾಳೆ ಅವರ ವಕೀಲ ಈ ಕಾಗದ ಎತ್ತಿ ತೋರಿಸಿ, ಇವಳು ಸುಳ್ಳುಗಾತಿ ಅಂದ್ರೆ ಏನು ಹೇಳ್ಲಿ? ನನ್ ಹತ್ರ ಬಂಗ್ಲೆ ಇಲ್ಲ, ಬಂಡಿ ಇಲ್ಲ. ಒಂದು ನಾಲಗೆ ಇದೆ. ಅದನ್ನ ಇವತ್ತೇ ಎಂಜಲು ಮಾಡ್ಲಾ?"

ಕಾಮಾಕ್ಷಿಯಮ್ಮ ಹೊಟ್ಟೆನೋವನ್ನು ಒಂದೊಂದೇ ಅಕ್ಷರ ಅಳಿಸಿದಳು.

ಕೋರ್ಟಿನಲ್ಲಿ ಅವಳನ್ನು ಗೋಡೆಯ ಬದಿಗೆ ನಿಲ್ಲಿಸಿದರು. ಕೂರುವ ಹಾಗಿಲ್ಲ. ಇಪ್ಪತ್ತು ವರ್ಷ ನಿಂತೇ ದುಡಿದ ಕಾಲು, ಅದಕ್ಕೆ ನಿಲ್ಲುವುದು ಹೊಸದಲ್ಲ. ಹನ್ನೆರಡಾಯಿತು, ಎರಡಾಯಿತು. ಮೂರರ ಹೊತ್ತಿಗೆ ಆ ಬೈಕಿನ ಇಬ್ಬರೂ ಒಳಗೆ ಬಂದರು. ಈಗ ಖಾಕಿಯಲ್ಲಿದ್ದರು. ಒಬ್ಬ ಸರ್ಕಾರಿ ವಕೀಲನ ಕಿವಿಯಲ್ಲಿ ಏನೋ ಹೇಳಿದ. ಸರ್ಕಾರಿ ವಕೀಲ ಗೋಡೆಯ ಕಡೆ ನೋಡಿ ತಲೆಯಾಡಿಸಿದ.

ನಾಲ್ಕೂವರೆಗೆ ಹೆಸರು ಕೂಗಿದರು. ಮ್ಯಾಜಿಸ್ಟ್ರೇಟ್ ನಡುವಯಸ್ಸಿನ ಗಂಡಸು, ದಣಿದಿದ್ದರು. ಮನವಿ ಓದಿದರು. ಹಣೆ ಗಂಟಿಕ್ಕಿ ಎರಡನೇ ಸಲ ಓದಿದರು.

"ಮಿಲ್ಲು ರಜೆ ಕೊಡಲಿಲ್ಲ ಅಂತ ಬರ್ದಿದೀಯ. ಕೋರ್ಟು ದೊಡ್ಡದೋ ಮಿಲ್ಲು ದೊಡ್ಡದೋ?"

"ನಮ್ಮೂರಲ್ಲಿ ಮಿಲ್ಲೇ ದೊಡ್ಡದು, ಅಯ್ಯಾ."

ಹಿಂದೆ ಯಾರೋ ನಕ್ಕರು. ಮ್ಯಾಜಿಸ್ಟ್ರೇಟ್ ನಗಲಿಲ್ಲ. "ವಾರಂಟು ರದ್ದು. ಸ್ವಂತ ಮುಚ್ಚಳಿಕೆ ಬರೆದುಕೊಡಲಿ," ಎಂದರು.

ಸರ್ಕಾರಿ ವಕೀಲ ಎದ್ದ. "ಅಯ್ಯಾ, ಹಳೇ ಕೇಸು. ಪೊಲೀಸ್ ಸಾಕ್ಷಿಗಳು ತಯಾರಿದ್ದಾರೆ. ನಾಳೆ ಬೆಳಿಗ್ಗೆಯೇ ಹಾಕಿ ಮುಗಿಸಬಹುದು."

"ಸರಿ. ನಾಳೆ ಹತ್ತೂವರೆ. ದಿನವಿಡೀ ಇರಬೇಕು. ತಪ್ಪಿದರೆ ಮತ್ತೆ ವಾರಂಟು."

ಖಾಕಿಯವರಲ್ಲೊಬ್ಬ ಮೀಸೆಯ ಮೇಲೆ ಕೈಯಾಡಿಸಿದ. ಪಂಕಜಂಗೆ ಅರ್ಥವಾಯಿತು. ನಾಳೆ ಅಂದರೆ ಗುರುವಾರ. ಪರಿಹಾರದ ಅಧಿಕಾರಿಯ ಮುಂದೆ ಸಾಕ್ಷಿಗೂ ಹತ್ತೂವರೆಯೇ. ಗುಮಾಸ್ತ ಮುಚ್ಚಳಿಕೆಯ ಕಾಗದ ಮುಂದೆ ಚಾಚಿ, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟ. ನಾಳೆ ತಪ್ಪದೆ ಹಾಜರಾಗುತ್ತೇನೆ ಎಂದು ಅದರಲ್ಲಿತ್ತು.

"ಇದಕ್ಕೆ ಕೈಯೆಳುತ್ತು ಹಾಕಲ್ಲ," ಎಂದಳು.

ಗುಮಾಸ್ತ ಹಲ್ಲು ಕಚ್ಚಿ, "ಸಹಿ ಹಾಕಮ್ಮಾ, ಮನೆಗೆ ಹೋಗ್ಬಹುದು" ಎಂದ.

"ನಾಳೆ ನಾನು ಬರಲ್ಲ. ಬರ್ತೀನಿ ಅಂತ ಯಾಕೆ ಸುಳ್ಳು ಬರೀಲಿ?"

"ಬರದೆ ಎಲ್ಲಿಗೆ ಹೋಗ್ತೀಯ?" ಎಂದರು ಮ್ಯಾಜಿಸ್ಟ್ರೇಟ್.

ಪಂಕಜಂ ಕಟಕಟೆಯ ಕಂಬಿ ಹಿಡಿದುಕೊಂಡಳು. "ಸಾಕ್ಷಿ ಹೇಳೋಕೆ ಹೋಗ್ತೀನಿ ಅಯ್ಯಾ. ಇಲಕ್ಕಿಯಾ ಅನ್ನೋ ಹುಡುಗಿ. ಬಲಗೈ ಮಿಷನ್‌ಗೆ ಹೋಯ್ತು. ನಿಲ್ಲಿಸ್ಬೇಡ, ಓಡ್ತಾ ಇರೋವಾಗ್ಲೇ ತೆಗಿ ಅಂತ ಸೂಪರ್‌ವೈಸರ್ ಧನಪಾಲ್ ಕೂಗಿದ್ದು ನಾನು ಈ ಕಿವೀಲಿ ಕೇಳ್ದೆ. ನಾಳೆ ಹತ್ತೂವರೆಗೆ ಪರಿಹಾರದ ಅಧಿಕಾರಿ ಮುಂದೆ ಅದನ್ನ ಹೇಳ್ಬೇಕು. ಹೇಳ್ಬಾರದು ಅಂತಲೇ ಈ ವಾರಂಟು ಎಂಟು ತಿಂಗಳು ಮಲ್ಗಿತ್ತು, ಸೋಮವಾರ ಎದ್ದಿದೆ. ಬೇಕಾದ್ರೆ ಶುಕ್ರವಾರ ಬರ್ತೀನಿ. ಜೈಲಿಗೆ ಹಾಕಿದ್ರೆ ಹೋಗ್ತೀನಿ. ಬರದ ದಿನ ಬರ್ತೀನಿ ಅಂತ ಬರ್ಕೊಡಲ್ಲ."

"ಈ ಕೇಸಿಗೆ ಸಂಬಂಧವಿಲ್ಲದ ಮಾತು," ಎಂದ ಸರ್ಕಾರಿ ವಕೀಲ.

"ಎಲ್ಲಿಗೆ ಹೋಗ್ತೀಯ ಅಂತ ಕೇಳಿದವನು ನಾನು. ಅವಳು ಹೇಳಿದ್ದಾಳೆ," ಎಂದರು ಮ್ಯಾಜಿಸ್ಟ್ರೇಟ್. ಅವರ ಮುಖದಲ್ಲಿ ಕನಿಕರವೇನೂ ಇರಲಿಲ್ಲ, ಸಿಟ್ಟೇ ಇತ್ತು. ಆದರೆ ಟೈಪಿಸ್ಟಿಗೆ ಒಂದೊಂದೇ ಮಾತು ಬಿಡಿಸಿ ಬರೆಸಿದರು. ಹುಡುಗಿಯ ಹೆಸರು, ಸೂಪರ್‌ವೈಸರ್ ಹೆಸರು, ಕೂಗಿದ ಮಾತು. ಬರೆಸಿ ಮುಗಿಸಿ ಹೇಳಿದರು: "ಒಂದು ದಿನ ಬಿಟ್ಟರೆ ನಾಳೆ ಎಲ್ಲರೂ ತಾರೀಖು ಆರಿಸಿಕೊಳ್ಳುತ್ತಾರೆ. ಮುಚ್ಚಳಿಕೆ ಇಲ್ಲದೆ ಬಿಡಲಾರೆ. ರಿಮ್ಯಾಂಡ್, ಹದಿನೈದು ದಿನ."

ಆ ಇಬ್ಬರೇ ಅವಳನ್ನು ವ್ಯಾನು ಹತ್ತಿಸಿದರು. ಒಬ್ಬ ಬಾಗಿಲು ಹಾಕುತ್ತ, "ಗುರುವಾರ ಮುಗೀತಲ್ಲಾ?" ಎಂದ. ಪಂಕಜಂ ಮುಖ ತಿರುಗಿಸಲಿಲ್ಲ. ಆದರೆ ವ್ಯಾನು ಹೊರಟ ಮೇಲೆ ಮಂಡಿಗೆ ಹಣೆ ಹಚ್ಚಿಕೊಂಡಳು. ಆ ಹುಡುಗಿಗೆ ಮಾತು ಕೊಟ್ಟಿದ್ದೆ, ಉಳಿಸಿಕೊಳ್ಳಲಾಗಲಿಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಹೆಂಗಸರ ಜೈಲಿನಲ್ಲಿ ಗುರುವಾರ ಹೋಯಿತು. ಕೋರ್ಟಿಗೂ ಅಂದು ಅವಳನ್ನು ಯಾರೂ ಕರೆದೊಯ್ಯಲಿಲ್ಲ. ಹತ್ತೂವರೆ ಗಂಟೆಗೆ ಅವಳು ನೀರಿನ ತೊಟ್ಟಿ ಉಜ್ಜುತ್ತಿದ್ದಳು. ಶನಿವಾರ ನೋಡಲು ಬಂದವಳು ಇಲಕ್ಕಿಯಾ. ಸಾಲಿನಲ್ಲಿ ಕಾದು ಕಾದು ಬೆವೆತಿದ್ದಳು. ನಡುವೆ ಎರಡು ಸಾಲು ಕಂಬಿ.

"ಅತ್ತೇ, ನಾನು ಹೇಳೋದು ಮೊದ್ಲು ಕೇಳಿ. ಅಳ್ಬೇಡಿ," ಎಂದಳು. "ಬುಧವಾರ ಕೋರ್ಟಲ್ಲಿ ಬರೆಸಿದ್ದು ಗುರುವಾರ ಬೆಳಿಗ್ಗೆಗೆಲ್ಲ ಸೈಟಿಗೆ ಬಂದಿತ್ತು. ಆ ಟೈಪಿಂಗ್ ಅಮ್ಮ ನಿಮ್ ಹೆಸರು ಹಾಕಿ ಹುಡುಕಿ, ಪ್ರಿಂಟು ತೆಗೆದು, ತಾನೇ ಆಫೀಸಿನ ಮೆಟ್ಟಿಲ ಹತ್ರ ತಂದು ನಂಗೆ ಕೊಟ್ಟು ಹೋದ್ರು."

"ಆಮೇಲೆ?"

"ಮಿಲ್ ವಕೀಲ ಎದ್ದು, ಸಾಕ್ಷಿ ಬಂದಿಲ್ಲ, ಕೇಸು ಮುಗಿಸಿ ಅಂದ. ನಾನು ಎಡಗೈಲಿ ಕಾಗದ ಚಾಚ್ದೆ. ಸಾಕ್ಷಿ ಜೈಲಲ್ಲಿದ್ದಾರೆ, ಯಾಕೆ ಅಂತ ಇದ್ರಲ್ಲಿದೆ ಅಂದೆ. ಆ ಅಧಿಕಾರಿಯಮ್ಮ ಪೂರ್ತಿ ಓದಿದ್ರು. ಧನಪಾಲ್ ಯಾರು ಅಂತ ಕೇಳಿದ್ರು. ಮೂಲೇಲಿ ಕೂತಿದ್ದೋನು ಎದ್ದು ನಿಂತ. ಕೂಗಿದ್ದು ಯಾವ ಭಾಷೇಲಿ ಅಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲ." ಇಲಕ್ಕಿಯಾ ಉಸಿರು ತೆಗೆದುಕೊಂಡಳು. "ಬರೋ ಹನ್ನೆರಡನೇ ತಾರೀಖಿಗೆ ಹಾಕಿದ್ದಾರೆ. ನಿಮ್ಮನ್ನ ಜೈಲಿಂದ ಕರ್ಕೊಂಡು ಬಂದು ತಮ್ಮ ಮುಂದೆ ನಿಲ್ಲಿಸ್ಬೇಕು ಅಂತ ಪೊಲೀಸ್‌ಗೆ ಕಾಗದ ಕಳ್ಸಿದ್ದಾರೆ."

"ಪೊಲೀಸ್‌ಗಾ?"

"ಪೊಲೀಸ್‌ಗೇ. ಅವ್ರೇ ತರ್ಬೇಕಂತೆ."

ಪಂಕಜಂ ಕಂಬಿಗೆ ಹಣೆ ಹಚ್ಚಿ ನಿಂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಕೇಳಿದಳು: "ಮನೆ ಹತ್ರ ಆ ಬೈಕು ಬರ್ತದಾ?"

ಇಲಕ್ಕಿಯಾ ಎಡಗೈಯಲ್ಲಿ ಹಣೆಯ ಬೆವರು ಒರೆಸಿಕೊಂಡಳು. "ನಿಮ್ಮನೆ ಹತ್ರ ಈಗ ಬರಲ್ಲ. ನಮ್ಮನೆ ಹತ್ರ ನಿಂತ್ಕೋತದೆ. ನಿನ್ನೆ ಅಮ್ಮನ್ನ ಕೇಳಿದ್ರಂತೆ, ಹನ್ನೆರಡಕ್ಕೆ ನಿಮ್ ಹುಡ್ಗಿ ಯಾವ ಬಸ್ಸಿಗೆ ಹೋಗ್ತಾಳೆ ಅಂತ. ಅಮ್ಮ ಒಳಗೆ ಬಂದು ಬಾಗ್ಲು ಹಾಕ್ಕೊಂಡ್ಬಿಟ್ಳು."

ಪಂಕಜಂ ಕಂಬಿಯಿಂದ ಹಣೆ ತೆಗೆದಳು. "ನೀನು?"

"ನಾನು ಬಾಗ್ಲು ತೆಗೆದು ಹೊರಗೆ ಹೋದೆ, ಅತ್ತೇ," ಎಂದಳು ಇಲಕ್ಕಿಯಾ. "ಎಂಟೂ ಹತ್ತರ ಬಸ್ಸು, ಡ್ರೈವರ್ ಹಿಂದಿನ ಸೀಟು, ಬನ್ನಿ ಅಂದೆ."